ಟ್ರಂಕಿನ ಕಾಗದದಿಂದ ಒಬ್ಬ ಸೈನಿಕನ ಬದುಕನ್ನು ಬರೆದಿಡುವುದು

ನಿವೃತ್ತ ಸೈನಿಕರೊಬ್ಬರು ತೀರಿಕೊಂಡಾಗ ಪತ್ರಿಕೆಗೆ ಕೊಡುವ ಸಾಲುಗಳು ನಮ್ಮ ಎಲ್ಲ ಜಿಲ್ಲೆಗಳಲ್ಲೂ ಹೆಚ್ಚುಕಡಿಮೆ ಒಂದೇ. ‘ಭೂಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಅವರು 1965 ಮತ್ತು 1971ರ ಯುದ್ಧಗಳಲ್ಲಿ ಪಾಲ್ಗೊಂಡಿದ್ದರು. ಪತ್ನಿ, ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ.’ ಯಾವ ರೆಜಿಮೆಂಟು, ಯಾವ ಟ್ರೇಡು (ಸೇನೆಯಲ್ಲಿ ಮಾಡಿದ ಕಸುಬು), ಎಲ್ಲೆಲ್ಲಿ ಇದ್ದರು ಎಂದು ಕೇಳಿದರೆ ಮನೆಯವರಿಗೆ ಗೊತ್ತಿರುವುದಿಲ್ಲ. 1965ರ ಯುದ್ಧ ಆಗಸ್ಟ್‌ನಲ್ಲಿ ಶುರುವಾಗಿ ಸೆಪ್ಟೆಂಬರ್ 23ರ ಕದನವಿರಾಮಕ್ಕೆ ನಿಂತಿತು. 1971ರದ್ದು ಡಿಸೆಂಬರ್ 3ಕ್ಕೆ ಶುರುವಾಗಿ ಎರಡು ವಾರದಲ್ಲಿ ಮುಗಿಯಿತು. ಇಪ್ಪತ್ತು ಇಪ್ಪತ್ನಾಲ್ಕು ವರ್ಷ ಸರ್ವಿಸ್ ಮಾಡಿದವರ ಬದುಕಿನಲ್ಲಿ ಇವೆರಡೂ ಸೇರಿ ಸುಮಾರು ಎರಡು ತಿಂಗಳು. ಉಳಿದ ವರ್ಷಗಳಲ್ಲಿ ಅವರು ಲಾರಿ ಓಡಿಸಿದರು, ಹಿಮದಲ್ಲಿ ರಸ್ತೆ ಕಡಿದರು, ವೈರ್‌ಲೆಸ್ ಸೆಟ್ಟಿನ ಮುಂದೆ ರಾತ್ರಿ ಕಳೆದರು, ಸ್ಟೋರಿನ ಲೆಡ್ಜರ್ ಬರೆದರು, ರಂಗರೂಟುಗಳಿಗೆ ಕವಾಯತು ಕಲಿಸಿದರು. ಬದುಕು ಅದು. ಅದನ್ನು ಕಾಗದದಿಂದ ಮತ್ತೆ ಕಟ್ಟಬಹುದು, ಸ್ವಲ್ಪ ಕ್ರಮ ಗೊತ್ತಿದ್ದರೆ.

ಕೆಲಸ ಶುರು ಮಾಡಬೇಕಾದ್ದು ಡಿಸ್ಚಾರ್ಜ್ ಬುಕ್‌ನಿಂದ, ಅಂದರೆ ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಪುಸ್ತಕದಿಂದ. ಪೆನ್ಶನ್ ಬಂದವರ ಮನೆಯಲ್ಲಿ ಇದು ಇದ್ದೇ ಇರುತ್ತದೆ. ಸಾಮಾನ್ಯವಾಗಿ ಕಬ್ಬಿಣದ ಕಪ್ಪು ಟ್ರಂಕಿನ ತಳದಲ್ಲಿ, ಪಿಪಿಒ ಅಂದರೆ ಪಿಂಚಣಿ ಆದೇಶದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿರುತ್ತಾರೆ. ಸಿಕ್ಕಿದ ಕೂಡಲೇ ಲ್ಯಾಮಿನೇಶನ್ ಅಂಗಡಿಗೆ ಓಡಬೇಡಿ. ಬಿಸಿ ಮತ್ತು ಅಂಟು ಸೇರಿ ಹಳೆಯ ಕಾಗದ ಕೆಲವೇ ವರ್ಷಗಳಲ್ಲಿ ಕಂದುತ್ತದೆ, ಆಮೇಲೆ ಬಿಡಿಸಲಿಕ್ಕೂ ಬರುವುದಿಲ್ಲ. ಮೊದಲು ಎಲ್ಲ ಪುಟಗಳ ಫೋಟೊ ತೆಗೆಯಿರಿ, ಖಾಲಿ ಪುಟವನ್ನೂ ಬಿಡದೆ. ಖಾಲಿ ಎಂದು ಕಾಣುವ ಪುಟದ ಅಂಚಿನಲ್ಲೇ ಸೈನಿಕ ಮಂಡಳಿಯ ಸೀಲು, ಕ್ಯಾಂಟೀನ್ ಕಾರ್ಡಿನ ಗುರುತು, ಪದಕ ಕೊಟ್ಟ ದಿನಾಂಕ ಇರುವುದುಂಟು.

ಅದರಲ್ಲಿ ಓದಬೇಕಾದ್ದು ಇಷ್ಟು: ಆರ್ಮಿ ನಂಬರು, ಕೊನೆಯ ರ‍್ಯಾಂಕು, ಟ್ರೇಡು, ಭರ್ತಿಯಾದ ದಿನಾಂಕ ಮತ್ತು ಊರು, ಡಿಸ್ಚಾರ್ಜ್ ಆದ ದಿನಾಂಕ, ಡಿಸ್ಚಾರ್ಜಿನ ಕಾರಣ, ಪದಕಗಳ ಪಟ್ಟಿ, ನಡತೆಯ ದರ್ಜೆ, ದೇಹದ ಗುರುತುಗಳು. ಒಂದೊಂದರಲ್ಲೂ ಎಡವಲು ಒಂದೊಂದು ಜಾಗವಿದೆ.

ನಂಬರಿನಿಂದ ಶುರು ಮಾಡೋಣ. ಒಬ್ಬನೇ ಮನುಷ್ಯನಿಗೆ ಎರಡು ನಂಬರು ಇರಬಹುದು. ಜವಾನನಾಗಿ, ಅಂದರೆ ಸಾಮಾನ್ಯ ಸೈನಿಕನಾಗಿ ಸೇರಿದಾಗ ಒಂದು ನಂಬರು, ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಆದಾಗ ‘ಜೆಸಿ’ ಎಂದು ಶುರುವಾಗುವ ಬೇರೆ ನಂಬರು. ಹಳೆಯ ಪದಕದ ಅಂಚಿನಲ್ಲಿ ಒಂದು ನಂಬರು, ಪಿಪಿಒದಲ್ಲಿ ಇನ್ನೊಂದು ಕಂಡು, ಇದು ಯಾರದೋ ಪದಕ ಎಂದು ಪಕ್ಕಕ್ಕಿಟ್ಟ ಮನೆಗಳಿವೆ. ಪೆನ್ಶನ್ ಬಂದ ಮೇಲೆ ಡಿಎಸ್‌ಸಿಗೆ, ಅಂದರೆ ಡಿಫೆನ್ಸ್ ಸೆಕ್ಯುರಿಟಿ ಕೋರ್‌ಗೆ ಮತ್ತೆ ಸೇರಿದ್ದರೆ ಅಲ್ಲಿನ ಕಾಗದಪತ್ರವೇ ಬೇರೆ. ಎರಡೂ ಸರ್ವಿಸನ್ನು ಒಂದೇ ಗೆರೆಯಲ್ಲಿ ಬರೆದರೆ ಮಧ್ಯದ ಊರಿನ ವರ್ಷಗಳು ಕಳೆದುಹೋಗುತ್ತವೆ.

ರ‍್ಯಾಂಕಿನ ಹೆಸರು ಆಯಾ ಅಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಕಾಲಾಳು ಪಡೆಯ ಸಿಪಾಯಿ ಎಂಜಿನಿಯರ್ಸ್‌ನಲ್ಲಿ ಸ್ಯಾಪರ್, ಆರ್ಟಿಲರಿಯಲ್ಲಿ ಗನ್ನರ್, ಟ್ಯಾಂಕ್ ರೆಜಿಮೆಂಟಿನಲ್ಲಿ ಸವಾರ್, ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮ್ಯಾನ್, ಯಂತ್ರ, ವಾಹನ ರಿಪೇರಿಯ ಪಡೆಯಾದ ಇಎಂಇಯಲ್ಲಿ ಕ್ರಾಫ್ಟ್ಸ್‌ಮನ್. ಟ್ಯಾಂಕಿನವರ ದಫೇದಾರ್ ಎಂದರೆ ಹವಾಲ್ದಾರನ ಸಮ. ಇಂದಿನ ನಾಯಬ್ ಸುಬೇದಾರ್ 1965ರ ತನಕ ಜಮಾದಾರ್ ಎನಿಸಿಕೊಳ್ಳುತ್ತಿದ್ದ. ಆದ್ದರಿಂದ 1958ರ ಕಾಗದದಲ್ಲಿ ‘ಜಮಾದಾರ್’ ಎಂದಿದ್ದರೆ ಅವರು ಜೆಸಿಒ. ಕಚೇರಿಯ ಜವಾನರ ಮೇಲಿನ ಜಮಾದಾರ ಎಂದು ತಿಳಿದು, ಅಜ್ಜ ಸಣ್ಣ ಕೆಲಸದಲ್ಲಿದ್ದರಂತೆ ಎಂದು ಮೊಮ್ಮಕ್ಕಳು ಹೇಳುವುದನ್ನು ಕೇಳಿದರೆ ಸಂಕಟವಾಗುತ್ತದೆ. ಇದಕ್ಕೆ ತದ್ವಿರುದ್ಧದ ತಪ್ಪೂ ಉಂಟು. ಸುಬೇದಾರ್ ಮೇಜರ್ ಆಗಿದ್ದವರಿಗೆ ಗಣರಾಜ್ಯೋತ್ಸವಕ್ಕೋ ಸ್ವಾತಂತ್ರ್ಯೋತ್ಸವಕ್ಕೋ ಆನರರಿ ಕ್ಯಾಪ್ಟನ್ ಗೌರವ ಬಂದಿದ್ದರೆ ‘ಆನರರಿ’ ಪದ ಬಿಟ್ಟು ಬರೆಯಬಾರದು. ಸಿಪಾಯಿಯಾಗಿ ಸೇರಿ ಅಲ್ಲಿಯವರೆಗೆ ಏರಿದವರು ಸಾವಿರಕ್ಕೆ ಬೆರಳೆಣಿಕೆಯಷ್ಟು. ಆ ಪದವೇ ಅವರ ಏರಿದ ಹಾದಿಯನ್ನು ಹೇಳುತ್ತದೆ.

ಹುಟ್ಟಿದ ದಿನಾಂಕವನ್ನು ಮನೆಯ ಜಾತಕದ ಜೊತೆ ಹೋಲಿಸಿ ತಿದ್ದಲು ಹೋಗಬೇಡಿ. ಭರ್ತಿಗೆ ಬಂದ ಹುಡುಗರಲ್ಲಿ ಹಲವರ ಬಳಿ ಜನನದ ದಾಖಲೆ ಇರಲಿಲ್ಲ, ನೋಡಿದ ಅಧಿಕಾರಿ ಅಂದಾಜಿನ ವಯಸ್ಸು ಬರೆದುಕೊಂಡ. ವಯಸ್ಸು ಸಾಲದೆ ಒಂದೆರಡು ವರ್ಷ ಏರಿಸಿ ಹೇಳಿದವರೂ ಕಡಿಮೆಯಿಲ್ಲ. ನೀವು ಬರೆಯುವಾಗ ಎರಡೂ ದಿನಾಂಕ ಕೊಡಿ, ಯಾವುದು ಎಲ್ಲಿಯದು ಎಂದು ಹೇಳಿ. ಹೆಸರೂ ಹಾಗೇ. ಕೊಡಗಿನವರ ಮನೆಹೆಸರು ಸೇನೆಯ ಕಾಗದದಲ್ಲಿ ಕೆಲವೊಮ್ಮೆ ಮೊದಲು, ಕೆಲವೊಮ್ಮೆ ಕೊನೆಗೆ, ಕೆಲವೊಮ್ಮೆ ಬಿಟ್ಟೇ ಹೋಗಿರುತ್ತದೆ. ಹಳೇ ಮೈಸೂರಿನವರ ಇನಿಷಿಯಲ್ಲನ್ನು ಉತ್ತರದ ಗುಮಾಸ್ತ ಬಿಡಿಸಿ ಬರೆದು ಊರಿನ ಹೆಸರನ್ನೇ ಮನುಷ್ಯನ ಹೆಸರು ಮಾಡಿರುತ್ತಾನೆ. ದಾಖಲೆ ಹುಡುಕುವಾಗ ಸೇನೆಯ ಕಾಗುಣಿತವೇ ಬೇಕು, ಮನೆಯ ಕಾಗುಣಿತ ಅಲ್ಲಿ ನಡೆಯುವುದಿಲ್ಲ. ಅಜ್ಜಿ ಬದುಕಿದ್ದರೆ, ಅವರ ಹೆಸರು ಪಿಪಿಒದಲ್ಲಿ ಹೇಗಿದೆ, ಆಧಾರ್‌ನಲ್ಲಿ ಹೇಗಿದೆ ಎಂಬುದನ್ನು ಇದೇ ಸಂದರ್ಭದಲ್ಲಿ ನೋಡಿಬಿಡಿ. ಕುಟುಂಬ ಪಿಂಚಣಿ ಸಿಕ್ಕಿಕೊಳ್ಳುವುದು ಬಹುಪಾಲು ಅಲ್ಲೇ.

ಸರ್ವಿಸ್ ಎಷ್ಟು ವರ್ಷ ಎಂದು ಲೆಕ್ಕ ಹಾಕುವಾಗ ಹಳೆಯ ಕರಾರು ನೆನಪಿರಲಿ. ಒಂದು ಕಾಲದಲ್ಲಿ ಜವಾನರ ಕರಾರು ಎರಡು ಭಾಗದಲ್ಲಿರುತ್ತಿತ್ತು. ಕೆಲವು ವರ್ಷ ಕಲರ್ ಸರ್ವಿಸ್, ಅಂದರೆ ಸಮವಸ್ತ್ರದಲ್ಲಿ. ಆಮೇಲೆ ಕೆಲವು ವರ್ಷ ರಿಸರ್ವ್, ಅಂದರೆ ಊರಲ್ಲಿ ಬೇಸಾಯ ಮಾಡಿಕೊಂಡು, ಕರೆ ಬಂದರೆ ಹಾಜರಾಗುವ ಬದ್ಧತೆ. ಎರಡೂ ಸೇರಿ 15 ವರ್ಷವಾದರೆ ರಿಸರ್ವಿಸ್ಟ್ ಪಿಂಚಣಿ. ‘ಏಳೇ ವರ್ಷಕ್ಕೆ ವಾಪಸ್ ಬಂದರು, ಮತ್ತೆ ಯುದ್ಧಕ್ಕೆ ಹೋದರು’ ಎಂಬ ಮನೆಮಾತು ಗೊಂದಲದಂತೆ ಕೇಳಿದರೂ ಬಹಳ ಸಲ ಅದು ಅಕ್ಷರಶಃ ನಿಜ. ಯುದ್ಧದ ವರ್ಷದಲ್ಲಿ ರಿಸರ್ವಿನವರಿಗೆ ಕರೆ ಬಂದಿರುತ್ತದೆ.

ಪದಕಗಳು ಹೇಳುವ ಮಾತು

ಕಾಗದ ಸುಟ್ಟುಹೋಗಿದ್ದರೂ, ಗೆದ್ದಲು ತಿಂದಿದ್ದರೂ ಪದಕಗಳ ಸಾಲೊಂದು ಉಳಿದಿದ್ದರೆ ಬದುಕಿನ ಅರ್ಧ ಚೌಕಟ್ಟು ಕೈಗೆ ಸಿಕ್ಕಿದಂತೆ. ಶೌರ್ಯದ ಪದಕಗಳ ಬಗ್ಗೆ ಎಲ್ಲರಿಗೂ ಗೊತ್ತು. ಆದರೆ ನೆನಪು ಕಟ್ಟುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಎಲ್ಲರಿಗೂ ಕೊಟ್ಟ ಸಾಮಾನ್ಯ ಪದಕಗಳು, ಏಕೆಂದರೆ ಅವುಗಳಲ್ಲಿ ದಿನಾಂಕ ಮತ್ತು ಜಾಗ ಎರಡೂ ಅಡಗಿವೆ.

ಕೈಗೆ ತೆಗೆದುಕೊಂಡು ಮೊದಲು ನೋಡಬೇಕಾದ್ದು ಅಂಚನ್ನು. ಸ್ವಾತಂತ್ರ್ಯಾನಂತರದ ಭಾರತೀಯ ಪದಕಗಳ ಅಂಚಿನ ಮೇಲೆ ನಂಬರು, ರ‍್ಯಾಂಕು, ಹೆಸರು, ಪಡೆಯ ಸಂಕ್ಷಿಪ್ತ ರೂಪ ಕೊರೆದಿರುತ್ತಾರೆ. ಭೂತಗನ್ನಡಿ ಹಿಡಿದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಸವೆದ ಅಕ್ಷರವೂ ಕಾಣುತ್ತದೆ. ಅಂಚು ಬೋಳಾಗಿದ್ದರೆ ಅದು ದಂಡಿನ ದರ್ಜಿ ಅಂಗಡಿಯಲ್ಲಿ ಕೊಂಡ ನಕಲು ಇರಬಹುದು. ಪರೇಡಿಗೆ ತೊಡಲು ಒಂದು ಜೊತೆ, ಮನೆಯಲ್ಲಿ ಭದ್ರವಾಗಿಡಲು ಅಸಲಿ ಜೊತೆ ಎಂದು ಇಟ್ಟುಕೊಂಡವರು ಹಲವರು. ನಕಲಾದರೂ ಸುಳ್ಳಲ್ಲ, ಪದಕಕ್ಕೆ ಅವರು ಅರ್ಹರಾಗಿದ್ದರು ಎಂದೇ ಸಾಮಾನ್ಯವಾಗಿ ಅರ್ಥ. ಆದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಸ್ಟಾರ್‌ಗಳಲ್ಲಿ ಭಾರತೀಯ ಪಡೆಯವರ ವಿವರವನ್ನು ಹಿಂಬದಿಯಲ್ಲಿ ಅಚ್ಚೊತ್ತಿ ಕೊಟ್ಟಿದ್ದರು, ಅವುಗಳಲ್ಲಿ ಅಂಚನ್ನಲ್ಲ, ಹಿಂಬದಿಯನ್ನು ನೋಡಿ. ಅಂಚಿನ ರ‍್ಯಾಂಕು ಆ ಪದಕದ ಕಾಲದ್ದು, ನಿವೃತ್ತಿಯ ಕಾಲದ್ದಲ್ಲ. ಒಂದರಲ್ಲಿ ಸಿಪಾಯಿ, ಇನ್ನೊಂದರಲ್ಲಿ ನಾಯಕ್, ಮತ್ತೊಂದರಲ್ಲಿ ಹವಾಲ್ದಾರ್ ಎಂದಿದ್ದರೆ ಬಡ್ತಿಯ ಏಣಿ ಅಲ್ಲೇ ಇದೆ.

ಈಗ ಒಂದು ಸಾಲನ್ನು ಓದಿ ನೋಡೋಣ. ಪಟ್ಟಿಯಲ್ಲಿ ಬರ್ಮಾ ಸ್ಟಾರ್, ವಾರ್ ಮೆಡಲ್, ಇಂಡಿಯನ್ ಇಂಡಿಪೆಂಡೆನ್ಸ್ ಮೆಡಲ್, ‘ಜಮ್ಮು ಅಂಡ್ ಕಾಶ್ಮೀರ್’ ಪಟ್ಟಿ (ರಿಬ್ಬನ್ನಿನ ಮೇಲಿನ ಲೋಹದ ಕ್ಲಾಸ್ಪ್) ಇರುವ ಜನರಲ್ ಸರ್ವಿಸ್ ಮೆಡಲ್ 1947, ‘ಹಿಮಾಲಯ’ ಪಟ್ಟಿಯ ಸೈನ್ಯ ಸೇವಾ ಮೆಡಲ್, ಸಮರ ಸೇವಾ ಸ್ಟಾರ್ 1965, ರಕ್ಷಾ ಮೆಡಲ್ 1965 ಇವೆ ಎಂದುಕೊಳ್ಳಿ. ಬರ್ಮಾ ಸ್ಟಾರ್ ಇದೆ ಎಂದರೆ 1941ರ ಡಿಸೆಂಬರ್ ಮತ್ತು 1945ರ ಸೆಪ್ಟೆಂಬರ್ ನಡುವೆ ಆ ರಣರಂಗದಲ್ಲಿದ್ದರು. ಇಂಡಿಪೆಂಡೆನ್ಸ್ ಮೆಡಲ್ ಇದೆ ಎಂದರೆ 1947ರ ಆಗಸ್ಟ್ 15ರಂದು ಸೇನೆಯಲ್ಲಿದ್ದರು, ಅಂದರೆ ಮಹಾಯುದ್ಧ ಮುಗಿದ ಮೇಲೆ ಲಕ್ಷಾಂತರ ಜನರನ್ನು ಮನೆಗೆ ಕಳಿಸಿದಾಗಲೂ ಉಳಿದುಕೊಂಡರು. ಮುಂದಿನದು ಮೊದಲ ಕಾಶ್ಮೀರ ಯುದ್ಧದ್ದು. ಸೈನ್ಯ ಸೇವಾ ಮೆಡಲ್ ಯುದ್ಧಕ್ಕೆ ಕೊಟ್ಟದ್ದಲ್ಲ, ದುರ್ಗಮ ಗಡಿಗಳಲ್ಲಿ ಕಷ್ಟದ ಪರಿಸ್ಥಿತಿಯಲ್ಲಿ ಮಾಡಿದ ಸೇವೆಗೆ. ಸಮರ ಸೇವಾ ಸ್ಟಾರ್ 1965ರಲ್ಲಿ ರಣರಂಗದಲ್ಲಿದ್ದವರಿಗೆ. ರಕ್ಷಾ ಮೆಡಲ್ 1965ರ ಆಗಸ್ಟ್ 5ರಂದು ಸೇನೆಯ ಲೆಕ್ಕದಲ್ಲಿದ್ದು, 180 ದಿನ ಸೇವೆ ಪೂರೈಸಿದವರಿಗೆ. ಮನೆಯವರು ತಪ್ಪುವುದು ಇಲ್ಲೇ. ರಕ್ಷಾ ಮೆಡಲ್ ಒಂದೇ ಇದ್ದರೆ ಅವರು ಬೆಂಗಳೂರಿನ ತರಬೇತಿ ಸೆಂಟರಿನಲ್ಲೇ ಇದ್ದಿರಬಹುದು. ಅದನ್ನು ಹಿಡಿದು ‘ಯುದ್ಧದಲ್ಲಿ ಹೋರಾಡಿದರು’ ಎಂದು ಬರೆಯಲಾಗದು. 1971ಕ್ಕೂ ಹೀಗೇ: ಪೂರ್ವೀ ಸ್ಟಾರ್ ಪೂರ್ವದ ರಣರಂಗಕ್ಕೆ, ಪಶ್ಚಿಮೀ ಸ್ಟಾರ್ ಪಶ್ಚಿಮಕ್ಕೆ, ಸಂಗ್ರಾಮ್ ಮೆಡಲ್ ಆ ಅವಧಿಯಲ್ಲಿ ಸೇವೆಯಲ್ಲಿದ್ದವರಿಗೆಲ್ಲ.

ಇಲ್ಲದ ಪದಕವೂ ಮಾತಾಡುತ್ತದೆ. ಈ ಸಾಲಿನಲ್ಲಿ ಸಂಗ್ರಾಮ್ ಮೆಡಲ್ ಇಲ್ಲ. ಸ್ವಾತಂತ್ರ್ಯದ 25ನೇ ವರ್ಷದ ಪದಕವೂ ಇಲ್ಲ, ಅದು 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಬಂದದ್ದು. ಹಾಗಾದರೆ 1965 ಮತ್ತು 1971ರ ನಡುವೆ ಪೆನ್ಶನ್ ಬಂದಿರಬೇಕು. ಒಂದು ಎಚ್ಚರ: ಯುದ್ಧದ ಪದಕಗಳು ಮುದ್ರೆಯಾಗಿ ಹಂಚಿಕೆಯಾಗುವುದು ಎಷ್ಟೋ ವರ್ಷ ತಡವಾಗಿ. ಅಷ್ಟರಲ್ಲಿ ಊರಿಗೆ ಬಂದವರು ಕೇಳಿ ತರಿಸಿಕೊಳ್ಳದೆ ಬಿಟ್ಟದ್ದಿದೆ. ಹೀಗಾಗಿ ಪದಕದ ಗೈರುಹಾಜರಿಯನ್ನು ಡಿಸ್ಚಾರ್ಜ್ ಬುಕ್ಕಿನ ಪಟ್ಟಿಯ ಜೊತೆ ತಾಳೆ ನೋಡದೆ ತೀರ್ಮಾನಕ್ಕೆ ಬರಬೇಡಿ. ಬಾರದೇ ಉಳಿದ ಪದಕವನ್ನು ಈಗಲೂ ಆಯಾ ಪಡೆಯ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆದು ಕೇಳಬಹುದು.

ರಿಬ್ಬನ್ನಿನ ಮೇಲೆ ಸಣ್ಣ ಕಮಲದೆಲೆಯ ಲೋಹದ ಗುರುತು ಕಂಡರೆ ಜೋಪಾನ. ಅದು ‘ಮೆನ್ಶನ್ ಇನ್ ಡಿಸ್ಪ್ಯಾಚಸ್’, ಅಂದರೆ ಸೇನಾ ವರದಿಯಲ್ಲಿ ಹೆಸರೆತ್ತಿ ಹೊಗಳಿದ್ದು. ಪ್ರತ್ಯೇಕ ಪದಕವಿಲ್ಲದ ಕಾರಣ ಮನೆಯವರ ಕಣ್ಣಿಗೆ ಬೀಳುವುದಿಲ್ಲ, ರಿಬ್ಬನ್ ಬದಲಾಯಿಸುವಾಗ ಗುಂಡುಸೂಜಿಯಂತೆ ಉದುರಿ ಕಸಕ್ಕೆ ಹೋಗುತ್ತದೆ. ಪದಕವನ್ನು ಹುಣಸೆಹಣ್ಣು, ಪೀತಾಂಬರಿ, ಬ್ರಾಸೋ ಹಾಕಿ ಉಜ್ಜಬೇಡಿ. ಅಂಚಿನ ಹೆಸರು ಸವೆಯುವುದು ಹೀಗೇ. ಒಣ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಳೆಯ ರಿಬ್ಬನ್ ಮಾಸಿದ್ದರೆ ಹೊಸದು ಹಾಕಿಸಿ, ಹಳೆಯದನ್ನು ಎಸೆಯದೆ ಕಾಗದದಲ್ಲಿ ಮಡಿಚಿಡಿ.

ಫೋಟೊ, ಪತ್ರ, ಮಕ್ಕಳ ಟಿಸಿ

ಗೋಡೆಯ ಮೇಲಿನ ಗ್ರೂಪ್ ಫೋಟೊದ ಕೆಳಗಿನ ರಟ್ಟಿನಲ್ಲಿ ಹೆಸರುಗಳು ಅಚ್ಚಾಗಿರುತ್ತವೆ. ಆ ರಟ್ಟನ್ನು ಫ್ರೇಮ್ ಅಂಗಡಿಯವರು ಕತ್ತರಿಸಿ ಎಸೆಯುತ್ತಾರೆ, ಹೊಸ ಫ್ರೇಮ್ ಹಾಕಿಸುವಾಗ ಎದುರಿಗೇ ನಿಂತಿರಿ. ಹಳೆಯ ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಚಿತ್ರದ ಪದರವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ ಸಾಕು, ಪಾಸ್‌ಪೋರ್ಟ್ ಅಳತೆಯದಾದರೆ 1200. ಸ್ಕ್ಯಾನರ್ ಇಲ್ಲದಿದ್ದರೆ ಬೆಳಗಿನ ಹೊತ್ತು ನೆರಳಿನ ಬೆಳಕಲ್ಲಿ, ಫ್ಲ್ಯಾಶ್ ಹಾಕದೆ, ಫೋನನ್ನು ಚಿತ್ರಕ್ಕೆ ಸಮಾಂತರವಾಗಿ ಹಿಡಿದು ತೆಗೆಯಿರಿ.

ಸಮವಸ್ತ್ರದಲ್ಲಿ ನೋಡಬೇಕಾದ್ದು ಟೋಪಿ, ಅದರ ಬ್ಯಾಡ್ಜು, ಭುಜದ ಮೇಲಿನ ಅಕ್ಷರ, ತೋಳಿನ ಪಟ್ಟಿ, ಎದೆಯ ರಿಬ್ಬನ್. ಕಪ್ಪು ಬಿಳುಪು ಚಿತ್ರದಲ್ಲಿ ಬೆರೆಟ್ಟಿನ ಬಣ್ಣ ತಿಳಿಯುವುದಿಲ್ಲ. ಪ್ಯಾರಾದ ಮರೂನು, ಟ್ಯಾಂಕಿನವರ ಕಪ್ಪು, ಕಾಲಾಳಿನ ಹಸಿರು ಎಲ್ಲವೂ ಒಂದೇ ಬೂದು. ಬ್ಯಾಡ್ಜೇ ಗತಿ. ಮದ್ರಾಸ್ ಸ್ಯಾಪರ್ಸ್‌ನವರ ‘ದೂಪ್ತಾ’ ಎಂಬ ಎತ್ತರದ ಟೋಪಿಯನ್ನು ಒಮ್ಮೆ ನೋಡಿದವರು ಎಲ್ಲಿದ್ದರೂ ಗುರುತಿಸುತ್ತಾರೆ, ಬೇರೆ ಯಾರೂ ಅದನ್ನು ತೊಡುವುದಿಲ್ಲ. ಎದೆಯ ರಿಬ್ಬನ್ನುಗಳನ್ನು ಎಣಿಸಿ, ಪದಕದ ಸಾಲಿನ ಜೊತೆ ಹೊಂದಿಸಿದರೆ ಫೋಟೊ ಯಾವ ವರ್ಷದ ಆಸುಪಾಸು ಎಂದು ಹೇಳಬಹುದು. ಫೋಟೊದ ಹಿಂದೆ ಬರೆಯುವುದಾದರೆ 2ಬಿ ಪೆನ್ಸಿಲ್‌ನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂದಿನ ಬದಿಯಲ್ಲಿ ಮೂಡುತ್ತದೆ.

ಪತ್ರಗಳು ಉಳಿದಿದ್ದರೆ ಒಳಗಿನ ಒಕ್ಕಣೆಗಿಂತ ಮೊದಲು ಮುದ್ರೆಯನ್ನು ನೋಡಿ. ‘ಕೇರ್ ಆಫ್ 56 ಎಪಿಒ’ (ಎಪಿಒ ಎಂದರೆ ಆರ್ಮಿ ಪೋಸ್ಟ್ ಆಫೀಸ್) ಎಂದಿದ್ದರೆ ಉತ್ತರ ಮತ್ತು ಪಶ್ಚಿಮದ ಕಡೆ, ‘99 ಎಪಿಒ’ ಎಂದಿದ್ದರೆ ಪೂರ್ವದ ಕಡೆ. ವಿಳಾಸದಲ್ಲಿ ಊರಿನ ಹೆಸರು ಬರೆಯಲು ಅನುಮತಿ ಇರಲಿಲ್ಲ, ಅದಕ್ಕೇ ಈ ವ್ಯವಸ್ಥೆ. ಆದರೆ ಅಂಚೆಯ ದುಂಡು ಮುದ್ರೆಯೊಳಗೆ ‘ಎಫ್‌ಪಿಒ’ ಎಂದೂ ಅದರ ಪಕ್ಕ ಒಂದು ಸಂಖ್ಯೆಯೂ ದಿನಾಂಕವೂ ಇರುತ್ತದೆ. ಅದು ಆ ಪತ್ರ ಹಾಕಿದ ಸೇನಾ ಅಂಚೆ ಕಚೇರಿಯ ಸಂಖ್ಯೆ. ಯಾವ ಸಂಖ್ಯೆಯ ಕಚೇರಿ ಯಾವ ವರ್ಷ ಎಲ್ಲಿತ್ತು ಎಂಬುದನ್ನು ಸೇನಾ ಅಂಚೆಯ ಮುದ್ರೆ ಸಂಗ್ರಹಿಸುವ ಹವ್ಯಾಸಿಗಳು ಪಟ್ಟಿ ಮಾಡಿಟ್ಟಿದ್ದಾರೆ. ಹತ್ತು ಪತ್ರಗಳ ಹತ್ತು ಮುದ್ರೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದರೆ ಯೂನಿಟ್ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಅಂಚೆಚೀಟಿ ಸಂಗ್ರಹಿಸುವ ಮಕ್ಕಳು ಲಕೋಟೆಯ ಆ ಮೂಲೆಯನ್ನೇ ಕತ್ತರಿಸಿರುವುದುಂಟು. ಲಕೋಟೆಯನ್ನು ಪತ್ರದಿಂದ ಬೇರ್ಪಡಿಸಬೇಡಿ. ಮನಿಯಾರ್ಡರ್‌ನ ಕೂಪನ್ ತುಂಡುಗಳೂ ಇದೇ ಕೆಲಸಕ್ಕೆ ಬರುತ್ತವೆ. ‘ಗೊಬ್ಬರಕ್ಕೆ ಇಷ್ಟು, ತಂಗಿಯ ಫೀಸಿಗೆ ಇಷ್ಟು’ ಎಂದು ಅದರಲ್ಲಿ ಬರೆದ ಎರಡು ಸಾಲು ಕೆಲವು ಮನೆಗಳಲ್ಲಿ ಅವರ ಕೈಬರಹದ ಏಕೈಕ ಉಳಿಕೆ.

ಇನ್ನೊಂದು ಆಕರ ಯಾರಿಗೂ ಹೊಳೆಯುವುದಿಲ್ಲ: ಮಕ್ಕಳ ಕಾಗದಗಳು. ಫ್ಯಾಮಿಲಿ ಸ್ಟೇಷನ್ ಸಿಕ್ಕಾಗ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಿದ್ದರು. ಕೇಂದ್ರೀಯ ವಿದ್ಯಾಲಯಗಳು 1963ರಿಂದ ಇವೆ. ಮಕ್ಕಳ ಟಿಸಿಯಲ್ಲಿ ಸೇರಿದ ದಿನ, ಬಿಟ್ಟ ದಿನ, ಊರು ಮೂರೂ ಇರುತ್ತವೆ. ಮಿಲಿಟರಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಜನನ ಪ್ರಮಾಣಪತ್ರದಲ್ಲಿ ತಂದೆಯ ಆಗಿನ ರ‍್ಯಾಂಕು, ಯೂನಿಟ್ ಸಿಗಬಹುದು. ಡಿಸ್ಚಾರ್ಜ್ ಬುಕ್ ಸ್ಟೇಷನ್ನುಗಳ ಹೆಸರು ಹೇಳದಿದ್ದರೂ ಮೂರು ಟಿಸಿಗಳು ಹತ್ತು ವರ್ಷವನ್ನು ತುಂಬಿಕೊಡುತ್ತವೆ.

ರೆಕಾರ್ಡ್ ಆಫೀಸಿಗೆ ಬರೆಯುವುದು

ಜವಾನರ ಮತ್ತು ಜೆಸಿಒಗಳ ದಾಖಲೆ ದೆಹಲಿಯಲ್ಲಿ ಒಟ್ಟಿಗೆ ಇರುವುದಿಲ್ಲ. ಪ್ರತಿ ರೆಜಿಮೆಂಟಿಗೆ, ಪ್ರತಿ ಕೋರ್‌ಗೆ ಅದರದೇ ರೆಕಾರ್ಡ್ ಆಫೀಸು. ಮದ್ರಾಸ್ ಸ್ಯಾಪರ್ಸ್, ಪ್ಯಾರಾಶೂಟ್ ರೆಜಿಮೆಂಟ್, ಮಿಲಿಟರಿ ಪೊಲೀಸ್, ಪಯನೀರ್ ಕೋರ್, ಎಎಸ್‌ಸಿಯ (ಆರ್ಮಿ ಸರ್ವಿಸ್ ಕೋರ್) ದಕ್ಷಿಣ ವಿಭಾಗ ಇವೆಲ್ಲ ಬೆಂಗಳೂರಿನಲ್ಲೇ. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್. ಆರ್ಟಿಲರಿಗೆ ನಾಸಿಕ್ ರೋಡ್ ಕ್ಯಾಂಪ್, ಸಿಗ್ನಲ್ಸ್‌ಗೆ ಜಬಲ್‌ಪುರ, ಇಎಂಇ ಮತ್ತು ಆರ್ಡ್‌ನೆನ್ಸ್‌ಗೆ ಸಿಕಂದರಾಬಾದ್, ಟ್ಯಾಂಕಿನವರಿಗೆ ಅಹ್ಮದ್‌ನಗರ (ಈಗ ಅಹಿಲ್ಯಾನಗರ), ವೈದ್ಯಕೀಯ ಪಡೆಯಾದ ಎಎಂಸಿಗೆ ಲಖನೌ, ಡಿಎಸ್‌ಸಿಗೆ ಕಣ್ಣೂರು. ವಾಯುಪಡೆಯ ಏರ್‌ಮನ್ನರ ದಾಖಲೆ ದೆಹಲಿಯ ಸುಬ್ರೊತೊ ಪಾರ್ಕ್‌ನಲ್ಲಿ, ನೌಕಾಪಡೆಯ ನಾವಿಕರದು ಮುಂಬೈನಲ್ಲಿ.

ಅರ್ಜಿಯನ್ನು ಹತ್ತಿರದ ವಾರಸುದಾರರೇ ಬರೆಯಬೇಕು, ಪತ್ನಿ ಇದ್ದರೆ ಪತ್ನಿ, ಇಲ್ಲದಿದ್ದರೆ ಮಕ್ಕಳು. ನಂಬರು, ರ‍್ಯಾಂಕು, ಸೇನೆಯ ಕಾಗುಣಿತದ ಹೆಸರು, ತಂದೆಯ ಹೆಸರು, ಭರ್ತಿ ಮತ್ತು ಡಿಸ್ಚಾರ್ಜ್ ದಿನಾಂಕ, ಪಿಪಿಒ ಸಂಖ್ಯೆ ಬರೆದು, ಮರಣ ಪ್ರಮಾಣಪತ್ರ ಮತ್ತು ಸಂಬಂಧದ ದಾಖಲೆಯ ಪ್ರತಿ ಲಗತ್ತಿಸಿ. ‘ನಮ್ಮ ತಂದೆಯ ಎಲ್ಲ ವಿವರ ಕೊಡಿ’ ಎಂದು ಬರೆದರೆ ಡಿಸ್ಚಾರ್ಜ್ ಬುಕ್ಕಿನಲ್ಲಿರುವುದನ್ನೇ ತಿರುಗಿ ಕಳಿಸುತ್ತಾರೆ. ಶೀಟ್ ರೋಲ್‌ನ (ಸರ್ವಿಸಿನ ನಮೂದುಗಳಿರುವ ಹಾಳೆ) ಪ್ರತಿ, ಸೇವೆ ಸಲ್ಲಿಸಿದ ಯೂನಿಟ್ಟುಗಳು ಮತ್ತು ದಿನಾಂಕಗಳು, ಮಾಡಿದ ಕೋರ್ಸುಗಳು, ಬಡ್ತಿಯ ದಿನಾಂಕಗಳು, ಪದಕಗಳ ಪಟ್ಟಿ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಪತ್ರಕ್ಕೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮೂರನೆಯವರ ಖಾಸಗಿ ಮಾಹಿತಿ ಎಂದು ತಳ್ಳಿಹಾಕದಂತೆ ವಾರಸುದಾರಿಕೆಯ ಕಾಗದವನ್ನು ಇದಕ್ಕೂ ಲಗತ್ತಿಸಲು ಮರೆಯಬೇಡಿ.

ಈ ಕೆಲಸವನ್ನು ಮುಂದಕ್ಕೆ ಹಾಕಬಾರದು ಎನ್ನಲು ಗಟ್ಟಿ ಕಾರಣವಿದೆ. ಪಿಂಚಣಿಯಿಲ್ಲದೆ ಸೇನೆ ಬಿಟ್ಟವರ ಕಾಗದಗಳನ್ನು 25 ವರ್ಷದ ನಂತರ ನಿಯಮದ ಪ್ರಕಾರ ನಾಶಮಾಡುತ್ತಾರೆ. ಉಳಿಯುವುದು ಲಾಂಗ್ ರೋಲ್ ಎಂಬ ಉದ್ದ ಪಟ್ಟಿಯ ಒಂದು ಸಾಲು ಮಾತ್ರ: ನಂಬರು, ಹೆಸರು, ಸೇರಿದ್ದು, ಬಿಟ್ಟದ್ದು. ಐದಾರು ವರ್ಷ ಸೇವೆ ಮಾಡಿ ಬಂದ ದೊಡ್ಡಪ್ಪನ ವಿಷಯ ಅಲ್ಲಿ ಅಷ್ಟೇ ಸಿಕ್ಕರೆ ಬೇಸರಿಸಬೇಡಿ, ಆ ಒಂದು ಸಾಲನ್ನಾದರೂ ಬರೆಸಿಕೊಳ್ಳಿ.

ಶೀಟ್ ರೋಲ್ ಬಂದಾಗ ಅದರಲ್ಲಿ ಶಿಕ್ಷೆಯ ನಮೂದೂ ಇರಬಹುದು. ಕೆಂಪು ಶಾಯಿಯದು, ಕಪ್ಪು ಶಾಯಿಯದು ಎಂದು ಎರಡು ಬಗೆ. ಬಹುಪಾಲು ಕಾಣುವುದು ರಜೆ ಮುಗಿದರೂ ತಡವಾಗಿ ಹಾಜರಾದದ್ದು. ದಿನಾಂಕ ನೋಡಿ: ಜೂನ್, ಜುಲೈ ಆಗಿದ್ದರೆ ನಾಟಿಯ ಕಾಲ, ಊರಲ್ಲಿ ಆಳಿಲ್ಲದ ಮನೆ. ಇದನ್ನು ಮುಚ್ಚಿಡಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಗದ್ದೆಗೂ ಪಲ್ಟನ್ನಿಗೂ ನಡುವೆ ಆತ ಹೇಗೆ ಹಂಚಿಹೋಗಿದ್ದ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಯೂನಿಟ್ಟಿನ ಚರಿತ್ರೆಯೊಳಗೆ ಮನುಷ್ಯನನ್ನು ಇಡುವುದು

ಯೂನಿಟ್ ಮತ್ತು ವರ್ಷ ಸಿಕ್ಕಿದರೆ ಒಬ್ಬ ಸಾಮಾನ್ಯ ಜವಾನನ ದಿನಗಳು ಎಷ್ಟು ಸ್ಪಷ್ಟವಾಗಬಹುದು ಎಂಬುದಕ್ಕೆ ಜೋಜಿ ಲಾ ಒಳ್ಳೆಯ ಉದಾಹರಣೆ. 1948ರಲ್ಲಿ ಶ್ರೀನಗರದ ಡಿವಿಷನ್ನಿನ ಮುಖ್ಯಸ್ಥರು ಮಡಿಕೇರಿಯವರೇ ಆದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಲೇಹ್‌ಗೆ ಹೋಗುವ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆಬಾಗಿಲನ್ನು ಎದುರಾಳಿಗಳು ಹಿಡಿದಿದ್ದರು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ನಡೆಸಿದ ದಾಳಿ ವಿಫಲವಾಯಿತು, ಏಕೆಂದರೆ ಎರಡೂ ಬದಿಯ ಬಂಡೆಗಳಿಂದ ಬರುವ ಮೆಷಿನ್‌ಗನ್ ಗುಂಡಿಗೆ ತೆರೆದ ಕಣಿವೆಯಲ್ಲಿ ಮರೆಯೇ ಇರಲಿಲ್ಲ. ಆಗ ಟ್ಯಾಂಕು ಒಯ್ಯುವ ನಿರ್ಧಾರವಾಯಿತು. 7ನೇ ಲೈಟ್ ಕ್ಯಾವಲ್ರಿಯ ಸ್ಟೂಅರ್ಟ್ ಟ್ಯಾಂಕುಗಳನ್ನು, ಗುಟ್ಟು ಬಯಲಾಗದಂತೆ ಗೋಪುರ ಕಳಚಿ, ಜಮ್ಮುವಿನಿಂದ ಶ್ರೀನಗರಕ್ಕೆ ತಂದರು. ಬಾಲ್ತಾಲ್‌ನಿಂದ ಮೇಲಕ್ಕಿದ್ದದ್ದು ಹೇಸರಗತ್ತೆಯ ಹಾದಿ. ಅದನ್ನು ಟ್ಯಾಂಕು ಏರುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರಿನ ಸೆಂಟರಿನಲ್ಲಿ ತರಬೇತಾದ ಹುಡುಗರು. ನವೆಂಬರ್ 1ರಂದು ಟ್ಯಾಂಕುಗಳು ಜೋಜಿ ಲಾ ಹೊಕ್ಕವು, ತಿಮ್ಮಯ್ಯನವರೂ ಮುಂದಿನ ಟ್ಯಾಂಕಿನಲ್ಲಿದ್ದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೈಗೆ ಬಂದು ಲೇಹ್‌ನ ದಾರಿ ತೆರೆಯಿತು.

ಈಗ ಒಂದು ಮನೆಯಲ್ಲಿ ‘ಅಜ್ಜ ಕಾಶ್ಮೀರದಲ್ಲಿ ರಸ್ತೆ ಕೆಲಸ ಮಾಡುತ್ತಿದ್ದರಂತೆ’ ಎಂಬ ಮಾತು ಉಳಿದಿದೆ ಎನ್ನಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಸ್ಯಾಪರ್ ಎಂದಿದೆ, ಜಮ್ಮು ಕಾಶ್ಮೀರ ಪಟ್ಟಿಯ ಪದಕವಿದೆ. ಇಷ್ಟರಿಂದ ಅವರು ಜೋಜಿ ಲಾದಲ್ಲಿದ್ದರು ಎಂದು ಹೇಳಲಾಗದು. ಬಾಲ್ತಾಲ್‌ನಲ್ಲಿ ಕೆಲಸ ಮಾಡಿದ ಫೀಲ್ಡ್ ಕಂಪನಿಗಳಲ್ಲಿ ಅವರ ಕಂಪನಿ ಇತ್ತೇ ಎಂಬುದು ಶೀಟ್ ರೋಲ್‌ನಿಂದ ತಿಳಿಯಬೇಕು. ಇದ್ದರೆ, ‘ರಸ್ತೆ ಕೆಲಸ’ ಎಂಬ ಎರಡು ಪದದ ಹಿಂದೆ ಏನಿತ್ತು ಎಂಬುದನ್ನು ಧೈರ್ಯವಾಗಿ ಬರೆಯಬಹುದು. ತಿಮ್ಮಯ್ಯನವರು ಹುಟ್ಟಿದ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಆ ರಸ್ತೆ ಕಡಿದ ಸ್ಯಾಪರ್‌ಗೆ ವಸ್ತುಸಂಗ್ರಹಾಲಯ ಆಗಲಿಕ್ಕಿಲ್ಲ. ಅವನ ಪಾಲಿಗೆ ಮನೆಯವರು ಬರೆಯುವ ಆರು ಪುಟವೇ ಎಲ್ಲ.

ಯೂನಿಟ್ಟಿನ ಹೆಸರು ಕಾಲಕಾಲಕ್ಕೆ ಬದಲಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಮೈಸೂರು ಸಂಸ್ಥಾನದ ಇನ್‌ಫೆಂಟ್ರಿ ಭಾರತೀಯ ಸೇನೆಗೆ ಸೇರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಮೈಸೂರು ಇನ್‌ಫೆಂಟ್ರಿಗೆ ಸೇರಿ 18 ಮದ್ರಾಸ್‌ನಿಂದ ಪೆನ್ಶನ್ ಬಂದವರು ಪಲ್ಟನ್ ಬದಲಾಯಿಸಿದವರಲ್ಲ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಡೆಯಿದ್ದ ಭಾರತೀಯ ಯೂನಿಟ್ಟುಗಳ ಯುದ್ಧ ದಿನಚರಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯೂಒ 172 ಸರಣಿಯಲ್ಲಿವೆ. ಅಲ್ಲಿರುವ ನೆಂಟರೊಬ್ಬರು ಒಂದು ದಿನ ಬಿಡುವು ಮಾಡಿಕೊಂಡರೆ ಪುಟಗಳ ಫೋಟೊ ತೆಗೆಯಬಹುದು. ಅದರಲ್ಲಿ ಜವಾನರ ಹೆಸರು ಬರುವುದು ಅಪರೂಪ, ಆದರೆ ಆ ದಿನ ಯೂನಿಟ್ ಎಲ್ಲಿತ್ತು, ಏನು ಮಾಡಿತು ಎಂಬುದು ಇರುತ್ತದೆ.

ಬದುಕಿರುವವರನ್ನು ಕೇಳುವುದು

ಜೊತೆಯವರು, ತಮ್ಮಂದಿರು, ಮುಖ್ಯವಾಗಿ ಪತ್ನಿ. ‘ಯುದ್ಧ ಹೇಗಿತ್ತು’ ಎಂದು ಶುರು ಮಾಡಿದರೆ ಎರಡು ವಾಕ್ಯದಲ್ಲಿ ಮುಗಿಯುತ್ತದೆ. ಟ್ರೈನಿಂಗ್ ಮುಗಿದ ಮೇಲೆ ಮೊದಲು ಕಳಿಸಿದ್ದು ಎಲ್ಲಿಗೆ, ರಜೆಗೆ ಬರುವಾಗ ಎಲ್ಲೆಲ್ಲಿ ರೈಲು ಬದಲಾಯಿಸಬೇಕಿತ್ತು, ಲಂಗರಿನಲ್ಲಿ, ಅಂದರೆ ಯೂನಿಟ್ಟಿನ ಅಡುಗೆಮನೆಯಲ್ಲಿ, ಅಕ್ಕಿ ಸಿಗುತ್ತಿತ್ತೇ ಬರೀ ರೊಟ್ಟಿಯೇ, ಹಿಂದಿ ಕಲಿತದ್ದು ಯಾರಿಂದ, ಕೆಲಸ ಕಲಿಸಿದ ಉಸ್ತಾದ ಯಾರು ಎಂದು ಕೇಳಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಸ್ಥಳದ ಹೆಸರು ಬಂದಾಗ ಒಂದು ಜಾಗರೂಕತೆ. ‘ಪಠಾಣ್‌ಕೋಟ್‌ನಲ್ಲಿದ್ದರು’ ಎಂದು ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ದೇಶ ವಿಭಜನೆಯಾದ ಮೇಲೆ ಜಮ್ಮುವಿಗೆ ಮತ್ತೆ ರೈಲು ಬಂದದ್ದು 1972ರಲ್ಲಿ. ಅಲ್ಲಿಯವರೆಗೆ ಕಾಶ್ಮೀರಕ್ಕೆ ಹೋಗುವವರೆಲ್ಲ ಪಠಾಣ್‌ಕೋಟ್‌ನಲ್ಲಿ ಇಳಿದು, ಟ್ರಾನ್ಸಿಟ್ ಕ್ಯಾಂಪಿನಲ್ಲಿ ಕಾದು, ಲಾರಿಗಳ ಸಾಲಿನಲ್ಲಿ ಮುಂದೆ ಹೋಗುತ್ತಿದ್ದರು. ಮನೆಯವರಿಗೆ ಕೇಳಿಸಿದ ಕೊನೆಯ ರೈಲು ನಿಲ್ದಾಣದ ಹೆಸರು ಅದು.

ಪತ್ನಿಯನ್ನು ಅವರ ಗಂಡನ ಬಗ್ಗೆ ಮಾತ್ರ ಕೇಳಬೇಡಿ. ಆ ವರ್ಷಗಳಲ್ಲಿ ಗದ್ದೆ ಯಾರು ನೋಡಿಕೊಂಡರು, ತಾರು ಬಂದಾಗ ಓದಿದವರು ಯಾರು, ಎರಡು ತಿಂಗಳ ರಜೆಯಲ್ಲಿ ಬಂದ ಅಪ್ಪನನ್ನು ಮಕ್ಕಳು ಗುರುತು ಹಿಡಿದರೇ? ಸೈನಿಕನ ಇಪ್ಪತ್ತು ವರ್ಷದ ಸರ್ವಿಸ್ ಎಂದರೆ ಮನೆಯಲ್ಲಿ ಒಬ್ಬಳು ಒಂಟಿಯಾಗಿ ಮಾಡಿದ ಇಪ್ಪತ್ತು ವರ್ಷವೂ ಹೌದು, ಅದಕ್ಕೆ ಯಾವ ರೆಕಾರ್ಡ್ ಆಫೀಸೂ ಇಲ್ಲ. ಮಾತಾಡಲು ಇಷ್ಟಪಡದ ಜಾಗದಲ್ಲಿ ಒತ್ತಾಯ ಬೇಡ. ಹಿರಿಯ ಸೈನಿಕರು ಒಂದು ವರ್ಷವನ್ನು ಹಾರಿಸಿ ಮುಂದೆ ಹೋದರೆ, ಆ ವರ್ಷವನ್ನು ಖಾಲಿ ಬಿಟ್ಟು ಬರೆಯಿರಿ.

ಸಿಕ್ಕಿದ್ದನ್ನೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಐದು ಕಲಮ್ಮು ಹಾಕಿ ಬರೆಯಿರಿ: ವರ್ಷ, ರ‍್ಯಾಂಕು, ಯೂನಿಟ್, ಜಾಗ, ಇದನ್ನು ಹೇಳಿದ್ದು ಯಾವುದು. ಐದನೆಯ ಕಲಮ್ಮು ಬಿಡಲೇಬಾರದು. ‘ಪದಕದ ಅಂಚು’, ‘ದೊಡ್ಡ ಮಗಳ ಟಿಸಿ’, ‘ಅಜ್ಜಿ ಹೇಳಿದ್ದು’ ಎಂದು ಬರೆದಿದ್ದರೆ, ಮುಂದೆ ಎರಡು ಮಾತು ಹೊಂದದಿದ್ದಾಗ ಯಾವುದನ್ನು ನಂಬಬೇಕೆಂದು ತಿಳಿಯುತ್ತದೆ. ಖಾಲಿ ಸಾಲುಗಳು ಉಳಿಯುತ್ತವೆ, ಊಹೆಯಿಂದ ತುಂಬಬೇಡಿ. ಬರವಣಿಗೆ ಆಮೇಲಿನ ಕೆಲಸ, ಈ ಪಟ್ಟಿ ಗಟ್ಟಿಯಾಗಿದ್ದರೆ ಅದು ತಾನಾಗಿ ಬರುತ್ತದೆ.

ಅಂತರ್ಜಾಲಕ್ಕೆ ಹಾಕುವಾಗ ಪೂರ್ತಿ ಆರ್ಮಿ ನಂಬರು, ಪಿಪಿಒ ಸಂಖ್ಯೆ, ಬ್ಯಾಂಕ್ ಖಾತೆ, ಆಧಾರ್ ಕಾಣುವ ಪುಟಗಳನ್ನು ಹಾಕಬೇಡಿ. ಪಿಂಚಣಿ ಪಡೆಯುವ ವೃದ್ಧೆಯರಿಗೆ ಫೋನು ಮಾಡಿ ಸೇನಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯ ಹೆಸರಲ್ಲಿ ‘ಸ್ಪರ್ಶ್‌ನಿಂದ ಮಾತಾಡುತ್ತಿದ್ದೇವೆ’ ಎಂದು ವಂಚಿಸುವವರಿಗೆ ಬೇಕಾದ್ದು ಅದೇ. ಕಾಗದಗಳನ್ನು ಮಲೆನಾಡು, ಕೊಡಗು, ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಟ್ಟರೆ ಒಳಗೇ ಬೂಷ್ಟು ಹಿಡಿಯುತ್ತದೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬೇಸಿಗೆಯಲ್ಲಿ ಒಮ್ಮೆ ನೆರಳಲ್ಲಿ ಹರವಿ. ಬರೆದು ಮುಗಿಸಿದ್ದರ ಪ್ರತಿಯನ್ನು ಮನೆಯ ಪ್ರತಿ ಕವಲಿಗೂ ಒಂದೊಂದು ಕೊಡಿ, ಒಂದನ್ನು ರೆಜಿಮೆಂಟಲ್ ಸೆಂಟರಿಗೆ ಕಳಿಸಿ. ಹಲಸೂರಿನಲ್ಲೂ ಬೆಳಗಾವಿಯಲ್ಲೂ ಪಡೆಗಳ ಸ್ವಂತ ವಸ್ತುಸಂಗ್ರಹಾಲಯಗಳಿವೆ. ಕಳಿಸುವಾಗ ಪದಕವನ್ನಾಗಲಿ ಮೂಲ ಕಾಗದವನ್ನಾಗಲಿ ಕಳಿಸಬೇಡಿ, ಪ್ರತಿ ಮಾತ್ರ. ಜೊತೆಯ ಪತ್ರದಲ್ಲಿ ನಂಬರು, ಕಂಪನಿ, ಸೇವೆಯ ವರ್ಷಗಳನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಅದೇ ಕಂಪನಿಯಲ್ಲಿದ್ದ ಇನ್ನೊಬ್ಬರ ಮೊಮ್ಮಗ ಹುಡುಕಿಕೊಂಡು ಬಂದಾಗ ಅಲ್ಲಿನವರು ತೆಗೆದುಕೊಡಲು ಅನುಕೂಲ.